ಬಾರದವನ ಎಲೆ

ಕೊಡ್ಲಿಪೇಟೆ,
ಭಾವ ಸಂವತ್ಸರ, ಆಶ್ವಯುಜ ಶುದ್ಧ ಬಿದಿಗೆ, ಬುಧವಾರ
೧೦-೧೦-೧೯೩೪

ಗಂಗೆಯ ಅಪ್ಪನಿಗೆ ಸುಮಿತ್ರೆಯ ಶರಣು.

ನಿಮ್ಮ ಮೈ ಹೇಗಿದೆ, ಮೊದಲು ಅದನ್ನು ಹೇಳಿ. ಹೋದ ಕಾಗದದಲ್ಲಿ ‘ಕ್ಷೇಮ’ ಅಂತ ಒಂದೇ ಮಾತು ಬರೆದು ಮುಗಿಸಿದ್ದೀರಿ. ಅಂಗಡಿಯಲ್ಲಿ ಕೂತು ಗಿರಾಕಿಗೆ ಉತ್ತರ ಕೊಟ್ಟ ಹಾಗೆ ನನಗೆ ಬರೆಯಬೇಡಿ. ಬಲಗಾಲಿನ ಹೆಬ್ಬೆರಳ ಕೆಳಗಿನ ಹುಣ್ಣು ಮಾಯಿತೋ ಇಲ್ಲವೋ? ಸಂಜೆ ದೀಪ ಹಚ್ಚಿದ ಮೇಲೆ ಎರಡು ಪಾದವನ್ನೂ ತಿರುಗಿಸಿ ನೋಡಿಕೊಳ್ಳುತ್ತೀರಾ? ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ ಅಂತ ನೀವೇ ಬರೆದಿದ್ದಿರಿ. ಅದನ್ನು ಓದಿದಾಗಿನಿಂದ ನನ್ನ ಕಾಲಿಗೆ ಒಂದು ಕಲ್ಲು ಒತ್ತಿದರೂ ನಿಮ್ಮ ಕಾಲು ನೆನಪಾಗುತ್ತದೆ. ಎಣ್ಣೆಯ ಸೂಜಿ ಹಾಕಿಸಿಕೊಂಡ ದಿನ ಜ್ವರ ಬರುತ್ತಿದ್ದದ್ದು ನಿಂತಿದೆಯೆ? ನಿಮ್ಮ ರೋಗ ಆರಿದೆ, ಇನ್ನೊಬ್ಬರಿಗೆ ತಗಲುವುದಿಲ್ಲ, ಮನಸ್ಸಿದ್ದರೆ ಮನೆಗೆ ಹೋಗಬಹುದು ಅಂತ ಶಿವರಾತ್ರಿಯ ಸುಮಾರಿಗೇ ಡಾಕ್ಟರು ಹೇಳಿದರಂತಲ್ಲ, ಆಮೇಲೂ ಸೂಜಿ ಚುಚ್ಚುತ್ತಾರೆಯೆ? ಲಿಂಗಪೂಜೆಗೆ ಕೂತಾಗ ಶಿವದಾರದ ಗಂಟು ಬಿಚ್ಚಲು ಬೆರಳು ಕೇಳುವುದಿಲ್ಲ ಅಂದಿದ್ದಿರಿ. ಗಂಗೆ ಹೊಸ ದಾರ ಹೊಸೆದಿದ್ದಾಳೆ, ಗಂಟಿನ ಬದಲು ಕುಣಿಕೆ ಹಾಕಿದ್ದಾಳೆ, ಹಲ್ಲಿನಲ್ಲಿ ಹಿಡಿದು ಎಳೆದರೂ ಬಿಚ್ಚುತ್ತದೆ. ಈ ಕಾಗದದ ಮಡಿಕೆಯಲ್ಲೇ ಇಟ್ಟಿದ್ದೇನೆ, ಮೊದಲು ಅದನ್ನು ತೆಗೆದುಕೊಂಡು ಆಮೇಲೆ ಮುಂದಕ್ಕೆ ಓದಿ.

ಇಲ್ಲಿ ನಾವು ಮೂವರೂ ಇದ್ದೇವೆ. ಮಳೆಗಾಲದಲ್ಲಿ ಏರಿದ ಅತ್ತೆಯ ಮಂಡಿನೋವು ಇನ್ನೂ ಇಳಿದಿಲ್ಲ. ಕಿವಿ ಮೊದಲಿಗಿಂತ ಮಂದವಾಗಿದೆ. ಬಾಯಿ ಮಾತ್ರ ನೀವು ಬಿಟ್ಟು ಹೋದ ಹಾಗೇ ಇದೆ, ಒಂದು ಚೂರೂ ಸವೆದಿಲ್ಲ. ಬೆಳಿಗ್ಗೆ ಕಾಫಿ ತಡವಾದರೆ ‘ಬೀಜ ಬಿತ್ತಿ ಗಿಡ ಮಾಡಿ ಆಮೇಲೆ ಕೊಡ್ತೀಯೇನವ್ವ’ ಅನ್ನುತ್ತಾರೆ. ಗಂಗೆ ನನಗಿಂತ ಎತ್ತರವಾಗಿದ್ದಾಳೆ. ನೀವು ಹೋಗುವಾಗ ನನ್ನ ಸೆರಗು ಹಿಡಿದುಕೊಂಡು ನಿಂತಿದ್ದವಳಿಗೆ ಈಗ ನನ್ನ ರವಿಕೆ ಬಿಗಿಯಾಗುತ್ತದೆ. ಮೂಗು ಥೇಟ್ ನಿಮ್ಮದು, ಹಟವೂ ನಿಮ್ಮದೇ. ಒಳ್ಳೆಯದು ಏನಾದರೂ ಇದ್ದರೆ ಅದು ನನ್ನ ಕಡೆಯಿಂದ ಬಂದದ್ದು. ಏಲಕ್ಕಿ ಕೊಯ್ಲು ನಡೆಯುತ್ತಿದೆ. ಹಗಲೆಲ್ಲ ಅವಳು ನನ್ನ ಜೊತೆ ಮಲೆಯಲ್ಲಿದ್ದು, ಸಂಜೆ ಬಂದು ಅಜ್ಜಿಯ ಮಂಡಿಗೆ ಎಣ್ಣೆ ತಿಕ್ಕುತ್ತಾಳೆ. ಕೆಂದಾಯಿ ಹಸು ಎರಡನೆಯ ಸಲವೂ ಹೋರಿಗರುವನ್ನೇ ಹಾಕಿತು. ಅದರ ಬುದ್ಧಿಗೆ ನಾವೇನು ಮಾಡುವುದು.

ಇನ್ನು ನಿಮ್ಮ ಕಾಗದದ ವಿಷಯ. ಇಷ್ಟು ದಿನ ನಾನು ಉತ್ತರ ಬರೆಯದೆ ಇದ್ದದ್ದು ಕೆಲಸದ ಗಲಾಟೆಯಿಂದ ಅಂತ ತಿಳಿಯಬೇಡಿ. ಕೋಪದಿಂದ. ‘ಈ ಮಾಳದ ಅಮಾವಾಸ್ಯೆಗೆ ಹಿರಿಯರ ಸಾಲಿನಲ್ಲಿ ನನಗೂ ಒಂದು ಎಡೆ ಇಡು. ಶಾಂತಪ್ಪನ ಕಥೆ ಮುಗಿಯಿತು ಅಂತ ಊರಿಗೆ ಗೊತ್ತಾಗಲಿ, ಗಂಗೆಯ ಮದುವೆಗೆ ಅಡ್ಡಿ ಇಲ್ಲದಾಗಲಿ. ನಾನು ಇಲ್ಲೇ ಇರುತ್ತೇನೆ, ಮತ್ತೆ ಕಾಗದ ಬರೆಯುವುದಿಲ್ಲ’ ಅಂತ ಬರೆದಿರಲ್ಲ, ಬರೆಯುವಾಗ ನಿಮಗೆ ಕೈ ಹೇಗೆ ಬಂತು? ಆ ಸಾಲು ಓದಿ ಒಲೆಯ ಮುಂದೆ ಕೂತುಬಿಟ್ಟೆ. ಕಾಗದವನ್ನು ಅಲ್ಲೇ ಒಲೆಗೆ ತುರುಕಬೇಕು ಅನ್ನಿಸಿತು. ಮೊದಲು ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದವರ ಅಕ್ಷರ ಈಗ ಒಂದೊಂದೂ ಒಂದೊಂದು ಕಡೆಗೆ ಬಿದ್ದಿದೆ. ಆ ಬೆರಳುಗಳಲ್ಲಿ ಲೇಖನಿ ಹಿಡಿದು ಅಷ್ಟು ಬರೆಯಲು ಎಷ್ಟು ಕಷ್ಟಪಟ್ಟಿರೋ ಅಂತ ನೆನೆದು ಸುಡಲು ಮನಸ್ಸು ಬರಲಿಲ್ಲ. ಆದರೂ ಕೇಳುತ್ತೇನೆ, ಯಾರನ್ನು ಕೇಳಿ ಬರೆದಿರಿ? ನನ್ನನ್ನು ಕೇಳಿದಿರಾ? ಹೆತ್ತ ತಾಯಿಯನ್ನು ಕೇಳಿದಿರಾ? ನಿಮಗೆ ಎಡೆ ಇಟ್ಟ ಮೇಲೆ ನನ್ನ ಕೈಬಳೆಯ ಗತಿ ಏನು, ಕುಂಕುಮದ ಗತಿ ಏನು, ಮಗಳ ಧಾರೆಯ ಹೊತ್ತಿಗೆ ನಾನು ಯಾವ ಮೂಲೆಯಲ್ಲಿ ನಿಲ್ಲಬೇಕು, ಇದಕ್ಕೆಲ್ಲ ಒಂದು ಸಾಲು ಬರೆಯಲು ನಿಮ್ಮ ಕಾಗದದಲ್ಲಿ ಜಾಗ ಇರಲಿಲ್ಲವೆ? ನನಗೊಬ್ಬಳಿಗೆ ಬರೆದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಅದನ್ನೇ ಇನ್ನೊಂದು ಕಾಗದದಲ್ಲಿ ನಿಮ್ಮಣ್ಣ ಅಪ್ಪಯ್ಯ ಭಾವನಿಗೂ ಬರೆದಿದ್ದೀರಿ. ಅಲ್ಲಿಗೆ ನನ್ನ ಬಾಯಿ ಕಟ್ಟಿದ ಹಾಗಾಯಿತು.

ಗಂಗೆಗೆ ಶನಿವಾರಸಂತೆ ಊರಿನಿಂದ ಬಂದ ಸಂಬಂಧದ ಬಗ್ಗೆ ಭಾವ ನಿಮಗೆ ಬರೆದಿದ್ದಾರೆ, ಆದರೆ ಅವರು ಗಂಡಸರ ಮಾತು ಮಾತ್ರ ಬರೆದಿರುತ್ತಾರೆ. ಹುಡುಗ ಪಾಲಿಬೆಟ್ಟದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ನೋಡಲು ಬಂದ ದಿನ ಗಂಗೆ ಗಡಿಬಿಡಿಯಲ್ಲಿ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿಬಿಟ್ಟಿದ್ದಳು. ಅವನ ತಂದೆ ಒಂದು ತುತ್ತಿಗೇ ನೀರು ಕುಡಿದರು, ಆ ಹುಡುಗ ಮಾತ್ರ ತಟ್ಟೆಯಲ್ಲಿ ಒಂದು ಕಾಳು ಬಿಡದೆ ತಿಂದ. ಅವರು ಹೋದ ಮೇಲೆ ಇವಳು ಬಚ್ಚಲ ಹಂಡೆ ತಿಕ್ಕುತ್ತಾ ಏನೋ ಗುನುಗುತ್ತಿದ್ದಳು. ಹೆತ್ತವಳಿಗೆ ಅಷ್ಟು ಸಾಕು. ಆಮೇಲೆ ಹುಡುಗನ ತಂದೆ ಭಾವನ ಹತ್ತಿರ ಹೇಳಿ ಕಳಿಸಿದ ಮಾತು ಇದು: ‘ತಂದೆ ತೀರ್ಕಂಡಿರೋ ಹುಡುಗೀನ ತಂದ್ಕಂತೀವಿ, ಆ ಕುಷ್ಠರೋಗದ ಆಸ್ಪತ್ರೇಲಿ ತಂದೆ ಇರೋ ಹುಡುಗೀನ ತರಕ್ಕಾಗಲ್ಲ. ಅಮಾಸೆಗೆ ನಿಮ್ಮನೇಲಿ ಅವರ ಹೆಸರಿಗೆ ಎಡೆ ಇಟ್ರೆ ನಮ್ಮೋರಿಗೆ ನಾವು ಉತ್ತರ ಹೇಳ್ಕಂತೀವಿ.’ ನೀವು ಬದುಕಿರುವುದು ಅವರಿಗೂ ಗೊತ್ತು, ಅವರ ನೆಂಟರಿಗೂ ಗೊತ್ತು, ಸಂತೆಯಲ್ಲಿ ಬೆಲ್ಲ ಮಾರುವವನಿಗೂ ಗೊತ್ತು. ಎಡೆ ಇಟ್ಟುಬಿಟ್ಟರೆ ಎಲ್ಲರೂ ಒಟ್ಟಿಗೆ ಗೊತ್ತಿಲ್ಲದವರಾಗುತ್ತಾರೆ. ಅಷ್ಟೇ ಅವರಿಗೆ ಬೇಕಾದದ್ದು.

ಪ್ರತಿವರ್ಷ ಈ ಹಬ್ಬಕ್ಕೆ ನಾವೆಲ್ಲ ಭಾವನ ದೊಡ್ಡಮನೆಯಲ್ಲಿ ಸೇರುವುದು ನಿಮಗೆ ಗೊತ್ತೇ ಇದೆ. ಕಡುಬು ಬೇಯಿಸಲು ನಾಲ್ಕು ಹೆಂಗಸರು, ಬೆಂದ ಮೇಲೆ ಹಿರಿಯರಿಗೆ ಇಡುವ ಮೊದಲೇ ಕದಿಯಲು ಹತ್ತು ಮಕ್ಕಳು, ಅವರನ್ನು ಓಡಿಸಲು ಕೋಲು ಹಿಡಿದ ಅತ್ತೆ. ಈ ಸಲ ಭಾವ ಹಬ್ಬಕ್ಕೆ ಮುಂಚೆಯೇ ನಮ್ಮ ಜಗಲಿಗೆ ಬಂದು ನಿಂತು ಹೇಳಿದರು: ‘ನೋಡು ತಾಯಿ, ಶಾಂತನೇ ಬರ್ದವ್ನೆ. ಅವನ ಎಲೆ ಇಡೋದಾದ್ರೆ ಎಲ್ಲಾರೂ ಒಟ್ಟಿಗೇ ಮಾಡಣ. ಇಡಲ್ಲ ಅಂದ್ರೆ ನಿನ್ನ ಮನೇಲಿ ನೀನು ಮಾಡ್ಕ.’ ನನಗೆ ಸಿಟ್ಟು ನೆತ್ತಿಗೇರಿತು. ‘ನನ್ನ ಮನೇಲೇ ಮಾಡ್ಕಂತೀನಿ ಬಿಡಿ’ ಅಂದೆ. ಅವರೂ ನಿಮ್ಮ ಅಣ್ಣನೇ ಅಲ್ಲವೆ, ಸೋಲುತ್ತಾರೆಯೆ? ‘ಆಗ್ಲಿ. ಮಧ್ಯಾಹ್ನ ಬಂದು ನೋಡ್ತೀನಿ. ಎಲೆ ಇದ್ರೆ ಶನಿವಾರಸಂತೆಗೆ ಹೇಳಿ ಕಳಿಸ್ತೀನಿ, ಇಲ್ದಿದ್ರೆ ಅದೂ ಹೇಳಿ ಕಳಿಸ್ತೀನಿ’ ಅಂದು ಶಲ್ಯ ಕೊಡವಿಕೊಂಡು ಹೋದರು. ನಿಮ್ಮನ್ನು ಘಟ್ಟ ಇಳಿಸಿ ಆಸ್ಪತ್ರೆಗೆ ಬಿಟ್ಟು ಬಂದ ದಿನದಿಂದ ಅವರು ನಿಮ್ಮ ಹೆಸರು ಎತ್ತಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಎತ್ತಿದ್ದು ಇದಕ್ಕೆ ಅಂತ ಇನ್ನೂ ಕೆಟ್ಟೆನ್ನಿಸಿತು.

ಅತ್ತೆಯನ್ನಾದರೂ ದೊಡ್ಡಮನೆಗೆ ಕಳಿಸೋಣ ಅಂದರೆ, ‘ಈ ಮಂಡಿ ಕಟ್ಕಂಡು ಅಷ್ಟು ದೂರ ಯಾರು ಹೋಗ್ತಾರೆ’ ಅಂದರು. ದೊಡ್ಡಮನೆ ಎಷ್ಟು ದೂರ ಅಂತ ನಿಮಗೆ ಗೊತ್ತಲ್ಲ, ಇಲ್ಲಿ ಸಾಸಿವೆ ಸಿಡಿದರೆ ಅಲ್ಲಿ ಸೀನುತ್ತಾರೆ. ಹಿಂದಿನ ದಿನವೂ ಅಲ್ಲಿ ಹೋಗಿ ಕಾಫಿ ಕುಡಿದು ಬಂದಿದ್ದರು. ನಿಮ್ಮ ಕಾಗದದ ಸುದ್ದಿಯನ್ನು ಭಾವ ಅವರ ಕಿವಿಯಲ್ಲಿ ಕೂಗಿ ಹೇಳಿದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಅವರು ಎದೆ ಬಡಿದುಕೊಳ್ಳುತ್ತಾರೆ, ಆಗ ನನಗೂ ಒಂದು ಆಸರೆ ಸಿಗುತ್ತದೆ ಅಂತ ಕಾದೆ. ಅವರು ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಲೂ ಇಲ್ಲ. ‘ಅವನೇ ಬರ್ದವ್ನೆ ಅಂದ್ರೆ ಇಡಲಿ. ಹೆಣ್ಣುಮಗೀನ ಬಾಳು’ ಅಂದರು. ಆಗ ಅವರ ಮೇಲೂ ಸಿಟ್ಟು ಬಂತು, ಒಂದು ದಿನವೆಲ್ಲ ಮಾತಾಡಿಸಲಿಲ್ಲ. ಅವರಿಗೆ ಕಿವಿ ಕೇಳದ್ದರಿಂದ ನಾನು ಮಾತು ಬಿಟ್ಟದ್ದು ಗೊತ್ತೇ ಆಗಲಿಲ್ಲ.

ಹೀಗೆ ಮೊನ್ನೆ ಸೋಮವಾರ ಅಮಾವಾಸ್ಯೆ ನಮ್ಮ ಮೂವರಿಗೇ ಬಂತು. ಮನೆಯಲ್ಲಿ ಹಬ್ಬದ ಸದ್ದು ಅಂದರೆ ರುಬ್ಬುವ ಕಲ್ಲಿನದೊಂದೇ. ದೊಡ್ಡಮನೆಯಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು, ಒಂದೂ ಈ ಕಡೆ ಬರಲಿಲ್ಲ. ಬರದ ಹಾಗೆ ಹೇಳಿದ್ದರೇನೋ. ನಾನು ಮಿಂದು ವಿಭೂತಿ ಹಚ್ಚಿಕೊಳ್ಳುವಾಗ ಎಲೆ ಇಡುವುದಿಲ್ಲ ಅಂತ ಗಟ್ಟಿ ಮಾಡಿಕೊಂಡಿದ್ದೆ. ಅಕ್ಕಿ ಹಿಟ್ಟು ಕಲಸುವಾಗಲೂ ಹಾಗೇ ಇದ್ದೆ. ಗಂಗೆ ತೆಂಗಿನಕಾಯಿ ತುರಿಯುತ್ತಾ ತಲೆ ಎತ್ತದೆ ‘ಅವ್ವಾ, ಅಪ್ಪಂಗೆ ಏನು ಇಷ್ಟ ಇತ್ತು?’ ಅಂದಳು. ನೀವು ಬೈದದ್ದು, ಎತ್ತಿಕೊಂಡದ್ದು, ಸಂತೆಯಿಂದ ಕಾರ ತಂದದ್ದು ಅವಳಿಗೆ ನೆನಪಿದೆ. ನೀವು ಉಣ್ಣುತ್ತಿದ್ದದ್ದು ಮರೆತುಹೋಗಿದೆ. ಹೇಳಿದೆ. ಬೆಲ್ಲ ಹಾಕಿದ ಸಿಹಿಗುಂಬಳದ ಪಲ್ಯ, ಕೆಂಡದಲ್ಲಿ ಸುಟ್ಟು ಸಿಪ್ಪೆ ತೆಗೆದ ಹಲಸಿನ ಬೀಜ, ಏಲಕ್ಕಿ ಕೈತುಂಬ ಹಾಕಿದ ಕಾಯಿಕಡುಬು, ಅದರ ಮೇಲೆ ತೆಂಗಿನ ಹಾಲು. ‘ಇತ್ತು ಅಂತ ಯಾಕೆ ಅಂತೀಯ, ಇದೆ ಅನ್ನು’ ಅಂತ ಗದರಲು ಬಾಯಿ ತೆರೆದೆ. ಅವಳು ಕಣ್ಣು ತುಂಬಿಕೊಂಡು ತುರಿಯುತ್ತಲೇ ಇದ್ದಳು. ನಾನು ಹೇಳಿದ್ದನ್ನೆಲ್ಲ ಅವಳೇ ಮಾಡಿದಳು, ನನ್ನನ್ನು ಒಲೆಯ ಹತ್ತಿರಕ್ಕೆ ಬಿಡಲಿಲ್ಲ. ಅಟ್ಟದ ಮೇಲಿನ ಬುಟ್ಟಿಯಲ್ಲಿ ಹಲಸಿನ ಬೀಜ ಉಳಿದಿದ್ದದ್ದು ನನಗೇ ಗೊತ್ತಿರಲಿಲ್ಲ, ಅವಳು ಹುಡುಕಿ ತಂದಳು.

ಆ ಹುಡುಗಿ ಬಗ್ಗಿ ಬೆಂಕಿ ಊದುವುದನ್ನು ನೋಡುತ್ತಾ ನಿಂತೆ. ಇವಳು ನನ್ನ ಕೋಪಕ್ಕೆ ಬಲಿಯಾಗಿ ಈ ಮನೆಯಲ್ಲೇ ಮುದುಕಿಯಾಗಬೇಕೆ ಅನ್ನಿಸಿತು. ನೀವು ಅಲ್ಲಿ ಒಬ್ಬರೇ ಕೂತು ಇದೇ ಲೆಕ್ಕ ಹಾಕಿ ಹಾಕಿ ಬರೆದಿರುತ್ತೀರಿ ಅಂತ ಆಗ ಅರ್ಥವಾಯಿತು. ಹಿತ್ತಲಿಗೆ ಹೋಗಿ ಬಾಳೆಎಲೆ ಕೊಯ್ದೆ. ಮಾವನವರಿಗೆ ಒಂದು, ಅವರ ಅಪ್ಪನಿಗೆ ಒಂದು, ಎಳೆಯದರಲ್ಲೇ ತೀರಿಹೋದ ನಮ್ಮ ಪುಟ್ಟನಿಗೆ ಚಿಕ್ಕದೊಂದು. ಆಮೇಲೆ ಇನ್ನೊಂದು. ಅದನ್ನು ಕೊಯ್ಯುವಾಗ ಅಳು ಬಂತು, ಅಲ್ಲೇ ಬಾಳೆಯ ಬುಡದಲ್ಲಿ ಕೂತು ಅತ್ತುಬಿಟ್ಟೆ. ನಿಮ್ಮನ್ನು ಬೈಯುತ್ತಲೇ ಅತ್ತದ್ದು, ನಿಮಗೆ ಬಿಕ್ಕಳಿಕೆ ಬಂದಿದ್ದರೆ ಅದಕ್ಕೇ. ನಡುಮನೆಯಲ್ಲಿ ಗೋಡೆಗೆ ಸಾಲಾಗಿ ಎಲೆ ಹಾಕಿದೆ. ಪುಟ್ಟನ ಎಲೆಯ ಪಕ್ಕದಲ್ಲಿ ನಿಮ್ಮದು. ಹೊಸ ಬಟ್ಟೆ ಇಡಬೇಕಲ್ಲ, ಪೆಟ್ಟಿಗೆಯಲ್ಲಿದ್ದ ನಿಮ್ಮ ಕೆಂಪಂಚಿನ ಪಂಚೆ, ನೀವು ಒಂದು ಸಲವೂ ಹೊದೆಯದ ಶಲ್ಯ ತೆಗೆದು ಮಡಿಸಿ ಎಲೆಯ ಮುಂದಿಟ್ಟೆ. ಗಂಗೆ ಬಡಿಸಿದಳು. ಅತ್ತೆ ಗೋಡೆ ಹಿಡಿದುಕೊಂಡು ಬಂದು ಎಲೆಗಳನ್ನು ಒಂದೊಂದಾಗಿ ನೋಡಿ, ನಿಮ್ಮದನ್ನು ತೋರಿಸಿ ‘ಅವನಿಗೆ ಹಾಲು ಕಡಿಮೆ ಹಾಕಿದೀಯ, ಇನ್ನೂ ಹಾಕು’ ಅಂದರು.

ಹೇಳಿದ ಹಾಗೆ ಮಧ್ಯಾಹ್ನಕ್ಕೆ ಭಾವ ಬಂದರು. ಜಗಲಿಯಲ್ಲೇ ನಿಂತು ಬಾಗಿಲೊಳಗೆ ಕತ್ತು ಹಾಕಿ ಎಲೆಗಳನ್ನು ಎಣಿಸಿದರು. ಕೂರಿ ಅಂದೆ, ಕೂರಲಿಲ್ಲ. ಎಲೆ ಇಟ್ಟದ್ದಕ್ಕೆ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ, ಅವರ ಮುಖ ಇನ್ನಷ್ಟು ಕಪ್ಪಿಟ್ಟಿತು. ನಮ್ಮ ಮನೆಯ ಪದ್ಧತಿ ನಿಮಗೆ ತಿಳಿಯದ್ದಲ್ಲ, ಆದರೂ ಬರೆಯುತ್ತೇನೆ, ಏಕೆಂದರೆ ನಡೆದದ್ದೆಲ್ಲ ಅದರಲ್ಲೇ. ಎಡೆ ಇಟ್ಟ ಮೇಲೆ ಮನೆಗೆ ಹಿರಿಯರಾದವರು ಹೋದವರನ್ನು ಒಬ್ಬೊಬ್ಬರನ್ನಾಗಿ ಕರೆಯಬೇಕು, ಆಮೇಲೆ ಕದ ಮುಚ್ಚಿಕೊಂಡು ನಾವು ಅಂಗಳದಲ್ಲಿ ನಿಲ್ಲಬೇಕು, ಅವರು ಬಂದು ಉಂಡು ಹೋಗುವವರೆಗೆ ಬದುಕಿರುವವರು ಆ ಎಲೆ ಮುಟ್ಟುವ ಹಾಗಿಲ್ಲ. ಕರೆಯಬೇಕಾದವರು ಅತ್ತೆ. ಮಾವನವರನ್ನು ‘ಮನೆಯೋರೇ, ಬನ್ನಿ, ಉಣ್ಣಿ’ ಅಂದರು. ಅವರ ಅಪ್ಪನನ್ನೂ ಕರೆದರು. ಪುಟ್ಟನನ್ನು ‘ಬಾರೋ ಮಗ, ಬಿಸಿ ಐತೆ, ಊದ್ಕಂಡು ತಿನ್ನು’ ಅಂದರು. ಪ್ರತಿವರ್ಷ ಅವರು ಹಾಗೇ ಅನ್ನುವುದು. ಆಮೇಲೆ ನಿಮ್ಮ ಎಲೆಯ ಮುಂದೆ ಬಂದು ನಿಂತರು. ಬಾಯಿ ತೆರೆಯಲಿಲ್ಲ.

ಭಾವ ಜಗಲಿಯಿಂದ ‘ಅವ್ವಾ, ಕರೀರಿ’ ಅಂದರು. ಅತ್ತೆಗೆ ಕೇಳಿಸಲಿಲ್ಲವೇನೋ ಅಂತ ಇನ್ನೂ ಗಟ್ಟಿಯಾಗಿ ಅಂದರು. ಕೇಳಿಸಿತ್ತು. ಅವರು ತಿರುಗಿ ಗೋಡೆ ಹಿಡಿದುಕೊಂಡು ನಡುಮನೆ ದಾಟಿ ಅಡಿಗೆಮನೆಗೆ ಹೋದರು, ಹಿತ್ತಲ ಬಾಗಿಲಿನ ಅಗುಳಿ ತೆಗೆದರು. ಗದ್ದೆಯ ಕಡೆಗೆ ನಿಂತು, ಆ ಕಿವುಡು ಹೆಂಗಸಿನ ಗಂಟಲು ನಿಮಗೆ ಗೊತ್ತಲ್ಲ, ಓಣಿಗೆಲ್ಲ ಕೇಳುವ ಹಾಗೆ ಕೂಗಿದರು: ‘ಲೇ ಶಾಂತಾ! ಅನ್ನ ಆರಿ ತಣ್ಣಗಾಗ್ತಾ ಐತೆ, ಎಲ್ಲಿ ಹಾಳಾಗಿ ಹೋದ್ಯೋ! ಬಾರೋ ಉಣ್ಣಕ್ಕೆ! ನಿನ್ನ ಕಾಲು ಮುರೀತೀನಿ ನೋಡು, ಬಾರೋ!’ ದೊಡ್ಡಮನೆಯ ಮಕ್ಕಳ ಗಲಾಟೆ ಥಟ್ಟನೆ ನಿಂತಿತು. ನೀವು ಗದ್ದೆಯ ಬದುವಿನಲ್ಲಿ ಪಂಚೆ ಎತ್ತಿಕೊಂಡು ಓಡಿ ಬಂದೇಬಿಡುತ್ತೀರಿ ಅಂತ ಒಂದು ಗಳಿಗೆ ನಾನೂ ಆ ಬಾಗಿಲ ಕಡೆ ನೋಡಿದೆ. ಗಂಗೆಯೂ ನೋಡಿದಳು. ಅತ್ತೆ ಸ್ವಲ್ಪ ಹೊತ್ತು ಕಾದು, ‘ಸತ್ತೋರನ್ನ ಕರೆಯೋ ಹಂಗೆ ಅವನನ್ನ ಕರೆಯಕ್ಕೆ ನನ್ ಕೈಲಾಗಲ್ಲಪ್ಪ. ಅವನನ್ನ ನಾನು ಹಿಂಗೇ ಕರೆದು ಗೊತ್ತು’ ಅಂದು ಹೊಸ್ತಿಲ ಮೇಲೆ ಕುಸಿದು ಕೂತರು.

ಭಾವ ಚಪ್ಪಲಿ ಬಿಟ್ಟು ಒಳಗೆ ಬಂದರು. ತಾಯಿಯನ್ನು ಎಬ್ಬಿಸಲು ಬಂದರು ಅಂದುಕೊಂಡೆ. ಅವರು ಶಲ್ಯ ತೆಗೆದು ಗೂಟಕ್ಕೆ ಹಾಕಿ, ನೆಟ್ಟಗೆ ಬಂದು ನಿಮ್ಮ ಎಲೆಯ ಮುಂದೆ ಚಕ್ಕಲಬಕ್ಕಲ ಹಾಕಿ ಕೂತರು. ಪಂಚೆ, ಶಲ್ಯ ಪಕ್ಕಕ್ಕೆ ಸರಿಸಿದರು. ‘ನೀರು ಹಾಕು ಮಗ’ ಅಂತ ಗಂಗೆಗೆ ಹೇಳಿ ಕೈ ತೊಳೆದುಕೊಂಡು ಕಡುಬು ಮುರಿದು ಬಾಯಿಗಿಟ್ಟರು. ನಾನು ‘ಅಯ್ಯೋ ಭಾವ’ ಅಂದೆ. ಎಡೆಯ ಎಲೆ ಅಲ್ಲವೆ, ಒಂದು ಅಗುಳು ಎಂಜಲಾದರೂ ಅದು ಹಿರಿಯರಿಗೆ ಸಲ್ಲುವುದಿಲ್ಲ. ಅವರು ನನ್ನ ಕಡೆ ನೋಡಲೇ ಇಲ್ಲ. ಅತ್ತೆ ಹೊಸ್ತಿಲಿನಿಂದಲೇ ಕಣ್ಣು ಕಿರಿದು ಮಾಡಿ ನೋಡಿ, ‘ನರೆ ಬಂದ್ರೂ ಅವನ ಪಾಲು ತಿನ್ನೋದು ಬಿಡಲಿಲ್ಲವಲ್ಲೋ ನೀನು’ ಅಂದರು. ನೀವು ಹುಡುಗರಾಗಿದ್ದಾಗ ಗೋಲಿಯಾಟ ಬಿಟ್ಟು ಊಟಕ್ಕೆ ಬರದೆ ಇದ್ದರೆ ನಿಮ್ಮ ಎಲೆಯನ್ನು ಅಣ್ಣ ಖಾಲಿ ಮಾಡುತ್ತಿದ್ದರಂತೆ, ನೀವು ಆಮೇಲೆ ಬಂದು ಅಂಗಳದಲ್ಲಿ ಹೊರಳಾಡಿ ಅಳುತ್ತಿದ್ದಿರಂತೆ. ಭಾವ ಬಾಯಲ್ಲಿದ್ದದ್ದನ್ನು ನುಂಗಿ, ‘ಬಾರದೋನ ಎಲೆ ನಂದೇ ಅಲ್ವೇನವ್ವ. ಬಂದ ದಿನ ಅವನ ಎಲೆ ಅವನು ಉಣ್ಲಿ’ ಅಂದರು. ಕಣ್ಣೀರು ಮೀಸೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳದೆ ಉಂಡರು. ಪಲ್ಯ ಉಂಡರು, ಹಲಸಿನ ಬೀಜ ತಿಂದರು, ‘ಏಲಕ್ಕಿ ಜಾಸ್ತಿ ಆಯ್ತು’ ಅಂತ ಗೊಣಗಿದರು, ಅದನ್ನೂ ಬಿಡಲಿಲ್ಲ. ಕೊನೆಗೆ ಎಲೆ ಮಡಿಚಿ ತಾವೇ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಹಾಕಿ ಬಂದರು.

ಉಳಿದ ಮೂರು ಎಲೆಗೆ ಆಮೇಲೆ ಕದ ಮುಚ್ಚಿ ಎಲ್ಲರೂ ಅಂಗಳದಲ್ಲಿ ನಿಂತೆವು. ಹಿರಿಯರಿಗಿಂತ ಮೊದಲು ಉಂಡದ್ದಕ್ಕೆ ಮಾವನವರು ಸಿಟ್ಟಾದರೆ ಅದನ್ನು ಭಾವನೇ ನೋಡಿಕೊಳ್ಳಲಿ. ಹೊರಡುವಾಗ ಅವರು ಗಂಗೆಯ ತಲೆಯ ಮೇಲೆ ಕೈ ಇಟ್ಟು, ‘ಎಡೆ ಇಟ್ಟಿಲ್ಲ ಅಂತ ಶನಿವಾರಸಂತೆಯೋರಿಗೆ ನಾನೇ ಹೋಗಿ ಹೇಳ್ತೀನಿ ಮಗ. ನಮ್ಮ ಹುಡುಗಿ ಅಪ್ಪ ಬದುಕವ್ನೆ, ಬೇಕಾದ್ರೆ ಬನ್ನಿ ಅಂತೀನಿ’ ಅಂದರು. ಅವಳು ತಲೆ ಆಡಿಸಿದಳು. ಅವರು ಹೋದ ಮೇಲೆ ನಾವು ಮೂವರೂ ಎಲೆ ಹಾಕಿಕೊಂಡು ಕೂತೆವು. ಅತ್ತೆ ಒಂದು ಕಡುಬು ತಿನ್ನಲು ಬಹಳ ಹೊತ್ತು ತೆಗೆದುಕೊಂಡರು. ಗಂಗೆ ಎರಡನೆಯ ಸಲ ಕಡುಬು ಹಾಕಿಸಿಕೊಂಡಳು. ಆವತ್ತು ನಾನು ಬಳೆ ತೊಟ್ಟ ಕೈಯಲ್ಲೇ ಬಡಿಸಿದೆ ಅನ್ನುವುದೊಂದೇ ನನಗೆ ನೆಮ್ಮದಿ. ಹೊಟ್ಟೆ ತುಂಬ ಉಂಡೆ ಅಂತ ಸುಳ್ಳು ಬರೆಯುವುದಿಲ್ಲ, ಆದರೆ ಉಂಡೆ. ನೀವು ಆ ಹೊತ್ತಿಗೆ ಅಲ್ಲಿಯ ಕುಚ್ಚಲಕ್ಕಿ ಗಂಜಿಗೆ ಮುಖ ಕಿವುಚುತ್ತಾ ಕೂತಿರುತ್ತೀರಿ ಅಂತ ನೆನೆಸಿಕೊಂಡೆ.

ಇದು ನಡೆದ ಸಂಗತಿ. ನಿಮ್ಮ ಮಾತನ್ನು ನಾನು ಮೀರಲಿಲ್ಲ, ಎಲೆ ಇಟ್ಟೆ. ನಿಮ್ಮ ಅವ್ವ ಕರೆಯಲಿಲ್ಲ, ನಿಮ್ಮ ಅಣ್ಣ ಉಂಡುಬಿಟ್ಟರು. ಜಗಳ ಆಡುವುದಾದರೆ ಅವರಿಬ್ಬರ ಜೊತೆ ಆಡಿಕೊಳ್ಳಿ. ನನ್ನ ಕಡೆಯಿಂದ ಒಂದೇ ಮಾತು, ಇನ್ನೊಂದು ಸಲ ಇಂಥ ಕಾಗದ ಬರೆದರೆ ಓದದೆ ವಾಪಸು ಕಳಿಸುತ್ತೇನೆ. ಭಾವ ನಿನ್ನೆ ಬೆಳಿಗ್ಗೆ ಶನಿವಾರಸಂತೆಗೆ ಹೋದವರು ಇನ್ನೂ ಬಂದಿಲ್ಲ. ಆ ಹುಡುಗನ ಮನೆಯವರು ಏನು ಹೇಳುತ್ತಾರೋ ಗೊತ್ತಿಲ್ಲ. ಮಗಳ ಸಲುವಾಗಿ ನೀವೂ ಅಲ್ಲಿಂದ ಶಿವನನ್ನು ನೆನೆಯಿರಿ.

ಅತ್ತೆ ನಿಮಗೆ ಆಶೀರ್ವಾದ ಬರೆ ಅಂದಿದ್ದಾರೆ, ಜೊತೆಗೆ ಗಂಜಿ ಚೆಲ್ಲದೆ ಕುಡಿಯಬೇಕಂತೆ. ಗಂಗೆಯ ನಮಸ್ಕಾರಗಳು. ಕಾಲು ಜೋಪಾನ, ಬರಿಗಾಲಲ್ಲಿ ಬಾವಿಯ ಹತ್ತಿರ ಹೋಗಬೇಡಿ. ಶಿವ ನಿಮ್ಮನ್ನು ಕಾಯಲಿ.

ನಿಮ್ಮ,
ಸುಮಿತ್ರ

ತಾ. ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಭಾವ ಬಂದರು. ಟಪ್ಪಾಲಿನವನು ಹೊರಡುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಶನಿವಾರಸಂತೆಯವರು ಬೇಡ ಅಂದರಂತೆ. ಹುಡುಗ ಒಳಗೇ ಕೂತಿದ್ದನಂತೆ, ಹೊರಗೆ ಬರಲಿಲ್ಲವಂತೆ. ಹಾಗಾಗಿ ಮದುವೆ ಇಲ್ಲ. ನೀವು ಸಾಯಬೇಕು ಅಂದದ್ದು ಆ ಮದುವೆಗೋಸ್ಕರ ತಾನೆ? ಇನ್ನು ಅಲ್ಲೇ ಇರಲು ನಿಮಗೆ ಯಾವ ನೆಪವೂ ಉಳಿದಿಲ್ಲ. ಬಸ್ಸಿನವರು ನಿಮ್ಮ ಕೈ ನೋಡಿ ಹತ್ತಿಸದೆ ಇದ್ದರೆ ಅಂತ ಭಾವ ತಾವೇ ಗಾಡಿ ಕಟ್ಟುತ್ತಾರಂತೆ, ವಿಜಯದಶಮಿ ಕಳೆದ ಕೂಡಲೆ ನಿಮ್ಮನ್ನು ಕರೆತರಲು ಹೊರಡುತ್ತಾರೆ. ಊರು ಏನನ್ನುತ್ತದೆ ಅಂತ ಬರೆಯಬೇಡಿ, ಊರಿಗೆ ನಾನು ಉತ್ತರ ಹೇಳುತ್ತೇನೆ. ಭಾವ ಸುದ್ದಿ ಹೇಳುವಾಗ ಗಂಗೆ ಮೊರದಲ್ಲಿ ಏಲಕ್ಕಿ ಆರಿಸುತ್ತಿದ್ದಳು. ಆರಿಸಿಟ್ಟ ಕಾಯಿಗಳನ್ನು ಮತ್ತೆ ಜೊಳ್ಳಿನ ಜೊತೆಗೇ ಸೇರಿಸಿಬಿಟ್ಟಳು. ಆಮೇಲೆ ಕೇಳಿದ್ದು ಇಷ್ಟೇ: ‘ಹಂಗಾದ್ರೆ ಅಪ್ಪ ಇನ್ನು ಮನೆಗೆ ಬರಬೋದಲ್ಲವಾ, ಅವ್ವಾ?’ ನಾನು ಹೌದು ಅಂದುಬಿಟ್ಟಿದ್ದೇನೆ.